ಮನೆಯಂಗಳದಲ್ಲಿ ಹಳೇ ಜೀಪಿನ ದುರಸ್ತಿ

ಸುಗ್ಗಿಯ ಕಾಲದಲ್ಲಿ ಸಂಘದ ಗೋದಾಮಿನ ಮುಂದೆ ಒಂದು ಗಳಿಗೆ ನಿಂತು ನೋಡಿದರೆ ಸಾಕು, ಮಲೆನಾಡಿನ ಬೆಳೆಗಾರನಿಗೂ ಜೀಪಿಗೂ ಇರುವ ನಂಟು ತಿಳಿಯುತ್ತದೆ. ಹೊಸ ಪಿಕಪ್ಪುಗಳ ನಡುವೆ ಈಗಲೂ ನಾಲ್ಕಾರು ಹಳೇ ಜೀಪುಗಳು ಗೋಣಿಚೀಲ ಹೊತ್ತು ಬರುತ್ತವೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದ ಮೇಲೆ, ಎತ್ತರದ ಬಾನೆಟ್ಟಿನ ಪೆಟ್ರೋಲ್ ಸಿಜೆ-3ಬಿ ಬಂತು. ಆಮೇಲೆ ಪ್ಯೂಜೊ ವಿನ್ಯಾಸದ 2112 ಸಿಸಿ ಡೀಸೆಲ್ ಇಂಜಿನ್ನಿನ ಎಂಎಂ 540 ಬಂತು. ಇವು ಇಂದು ಕಂಪೆನಿಯಿಂದ ಹೊಸದಾಗಿ ಬರುವುದಿಲ್ಲ. ಆದರೂ ಧರೆಯ ಅಂಚಿನ ಕೆಸರು ದಾರಿಯಲ್ಲಿ ತೋಟದೊಳಗೆ ಹೋಗಿ ಬರಲು ಇದಕ್ಕಿಂತ ಅಗ್ಗದ ಸಾಧನ ಸಣ್ಣ ಹಿಡುವಳಿದಾರನಿಗೆ ಸುಲಭವಾಗಿ ಸಿಗುವುದಿಲ್ಲ.

ಕೈ ಬದಲಾಯಿಸಿ ಬಂದ ಇಂಥ ಒಂದು ಜೀಪನ್ನು ಮನೆಯಲ್ಲೇ ಹೇಗೆ ಹಂತಹಂತವಾಗಿ ದಾರಿಗೆ ತರಬಹುದು, ಯಾವ ಕೆಲಸಕ್ಕೆ ಕೈ ಹಾಕಬಹುದು, ಯಾವುದಕ್ಕೆ ಹಾಕಬಾರದು ಎಂಬುದನ್ನು ಸ್ವಾನುಭವದಿಂದ ಇಲ್ಲಿ ಬರೆದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಬೆಳೆಗಾರ. ತಪ್ಪು ಮಾಡಿ ಕಲಿತವನು. ಅದರಲ್ಲಿ ಒಂದು ತಪ್ಪಿಗೆ ತೆತ್ತ ಬೆಲೆ ಹೆಚ್ಚಾಯಿತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೀಟರನ್ನು ನಂಬಬೇಡಿ

ನಾನು ಕೊಂಡಾಗ ನನ್ನ ಜೀಪಿನ ಮೀಟರು 43 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಹಳೇ ಮೀಟರುಗಳಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಆರಂಭ. ಎಷ್ಟು ಸಲ ಸುತ್ತಿದೆ ಎಂದು ಹೇಳುವವರು ಯಾರು? ಕೇಬಲ್ ತುಂಡಾಗಿ ವರ್ಷಗಟ್ಟಲೆ ನಿಂತಿದ್ದರೂ ನಮಗೆ ತಿಳಿಯದು. ಮೀಟರಿಗಿಂತ ಪೆಡಲುಗಳು ಸತ್ಯ ಹೇಳುತ್ತವೆ. ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣವೂ ನುಣುಪಾಗಿದ್ದರೆ, ಸ್ಟೇರಿಂಗ್ ಚಕ್ರದಲ್ಲಿ ಹಿಡಿಯುವ ಜಾಗ ಕನ್ನಡಿಯಂತಾಗಿದ್ದರೆ, ಗಾಡಿ ಲಕ್ಷ ದಾಟಿದೆ ಎಂದೇ ತಿಳಿಯಿರಿ. ಅದರಿಂದ ಗಾಬರಿಪಡಬೇಕಾಗಿಲ್ಲ. ಜೀಪಿನ ಯಂತ್ರಭಾಗಗಳೆಲ್ಲ ಬದಲಾಯಿಸಲು ಸಿಗುವಂಥವು.

ಬದಲಾಯಿಸಲು ಕಷ್ಟವಾದದ್ದು ಚಾಸಿ. ಬಣ್ಣ ಹೊಳೆಯುತ್ತದೆ ಎಂದು ಮರುಳಾಗದೆ, ಒಂದು ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಅಡಿಗೆ ಹೋಗಿ ಚಾಸಿಯ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಹಿಂದಿನ ಪಟ್ಟೆಯ ಹ್ಯಾಂಗರು, ಹಿಂಬದಿಯ ಅಡ್ಡಪಟ್ಟಿ, ಬಾಡಿ ಕೂರುವ ಬೋಲ್ಟುಗಳ ಸುತ್ತ, ಇಲ್ಲಿ ವಿಶೇಷ ಗಮನ ಬೇಕು. ತೋಟದ ಜೀಪುಗಳಿಗೆ ಬೇರೆ ಕಡೆಯ ಜೀಪುಗಳಿಗಿಲ್ಲದ ಒಂದು ಕಾಯಿಲೆ ಇದೆ. ನಾವು ಅದರಲ್ಲಿ ಯೂರಿಯಾ, ಪೊಟ್ಯಾಷ್ ಸಾಗಿಸುತ್ತೇವೆ. ಬೋರ್ಡೋ ಸಿಂಪಡಣೆಗೆ ಮೈಲುತುತ್ತದ ಡ್ರಮ್ಮು ಇಡುತ್ತೇವೆ. ಪೊಟ್ಯಾಷ್ ಗೊಬ್ಬರವೆಂದರೆ ಒಂದು ಬಗೆಯ ಉಪ್ಪೇ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ತಾಮ್ರವು ಅದರ ಮೇಲೆ ಕೂತು ಕಬ್ಬಿಣ ಕರಗಿ ಹೋಗುತ್ತದೆ. ಚೂರಿಯ ಅಲಗನ್ನು ಆ ನೀರಿನಲ್ಲಿ ಅದ್ದಿ ನೋಡಿದವರಿಗೆ ಇದು ಗೊತ್ತು. ಆದ್ದರಿಂದ ಹಿಂದಿನ ತಳದ ತಗಡನ್ನೂ ಅದರ ಕೆಳಗಿನ ಚಾಸಿಯನ್ನೂ ನೋಡದೆ ಮುಂಗಡ ಕೊಡಬಾರದು. ಚಾಸಿ ಕೆಟ್ಟಿದ್ದರೆ ಆ ಜೀಪನ್ನು ಬಿಟ್ಟುಬಿಡಿ.

ಇನ್ನೊಂದು ಮಾತು ಕಾಗದಪತ್ರದ್ದು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣವಾಗದ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಅದರ ರಿಪೇರಿಗೆ ದುಡ್ಡು ಸುರಿದು, ಆಮೇಲೆ ಆರ್‌ಟಿಓ ಕಚೇರಿಗೆ ಅಲೆಯುವವರನ್ನು ಕಂಡಿದ್ದೇನೆ.

ಅಡಿಗೆ ಹೋಗುವ ಮುಂಚೆ

ಮನೆಯಲ್ಲಿ ಕೆಲಸ ಮಾಡುವವರಿಗೆ ದೊಡ್ಡ ಅಪಾಯ ಗಾಡಿ ಮೈಮೇಲೆ ಬರುವುದು. ಜಾಕು ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕಲ್ಲ. ಜಾಕಿನ ಮೇಲೆಯೇ ಬಿಟ್ಟು ಅಡಿಗೆ ನುಸುಳುವುದು ಸರ್ವಥಾ ಸಲ್ಲದು. ಕಬ್ಬಿಣದ ಸ್ಟ್ಯಾಂಡು ಇಲ್ಲದಿದ್ದರೆ ಗಟ್ಟಿ ಮರದ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಆಕ್ಸಲಿನ ಕೆಳಗೆ ಇಡಿ. ಮುರಕಲ್ಲು, ಸಿಮೆಂಟಿನ ಟೊಳ್ಳು ಇಟ್ಟಿಗೆ ಬೇಡವೇ ಬೇಡ. ಅವು ಬಿರುಕು ಬಿಡುವ ಮುನ್ನ ಸೂಚನೆ ಕೊಡುವುದಿಲ್ಲ.

ಹಳೇ ಜೀಪಿನ ಹ್ಯಾಂಡ್‌ಬ್ರೇಕಿನ ಗುಟ್ಟು ಬಹಳ ಜನಕ್ಕೆ ತಿಳಿಯದು. ಅದು ಚಕ್ರಗಳಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂಬದಿಯ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಒಂದು ಸಣ್ಣ ಡ್ರಮ್ಮಿನಲ್ಲಿ ಇರುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದಿರೆಂದಿಟ್ಟುಕೊಳ್ಳಿ. ಶಾಫ್ಟು ತಿರುಗದಂತೆ ಹಿಡಿದಿದ್ದರೂ, ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಹಿಮ್ಮುಖ ತಿರುಗಿ ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳುತ್ತದೆ. ಗೇರಿನಲ್ಲಿ ನಿಲ್ಲಿಸಿದ್ದರೂ ಇದೇ ಕಥೆ. ಆದ್ದರಿಂದ ಸಮನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡೆ ಕೊಟ್ಟೇ ಜಾಕು ಹಚ್ಚಬೇಕು. ಪ್ರೊಪೆಲ್ಲರ್ ಶಾಫ್ಟು ಬಿಚ್ಚಿದರೆ ಹ್ಯಾಂಡ್‌ಬ್ರೇಕೇ ಇಲ್ಲವಾಯಿತು ಎಂಬುದೂ ನೆನಪಿರಲಿ.

ಕೆಲವು ಹಳೇ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಎಡ ತ್ರೆಡ್ಡು ಇರುತ್ತದೆ. ಬಿಚ್ಚಲು ಬಾರದೆಂದು ಪೈಪು ಸಿಕ್ಕಿಸಿ ಜಗ್ಗುವ ಮುಂಚೆ ಸ್ಟಡ್ಡಿನ ತುದಿಯನ್ನು ನೋಡಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ, ಇಂಜಿನ್ ಆಯಿಲ್ ಬೆರೆಸಿ ಬಿಟ್ಟು, ಬೆಳಿಗ್ಗೆ ತಲೆಯ ಮೇಲೆ ನಾಲ್ಕು ಏಟು ಹಾಕಿ ತಿರುಗಿಸಿದರೆ ಅರ್ಧಕ್ಕರ್ಧ ಬರುತ್ತವೆ. ಬಿಚ್ಚಿದ ಸಾಮಾನನ್ನು ಬಿಚ್ಚಿದ ಕ್ರಮದಲ್ಲೇ ಇಡಲು ನಮ್ಮಲ್ಲಿ ಅಡಿಕೆ ಹಾಳೆಗೆ ಬರವಿಲ್ಲ. ಒಂದೊಂದು ಚಕ್ರದ್ದನ್ನು ಒಂದೊಂದು ಹಾಳೆಯಲ್ಲಿ ಇಡಿ. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು ಇದೆಯಷ್ಟೆ, ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಂಡರೆ ಸ್ಪ್ರಿಂಗು ಯಾವ ತೂತಿನಲ್ಲಿತ್ತು ಎಂದು ರಾತ್ರಿ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಮೊದಲು ಬ್ರೇಕು

ಹಳೇ ಜೀಪು ತಂದವರೆಲ್ಲ ಮೊದಲು ಇಂಜಿನ್ನಿಗೆ ಕೈ ಹಾಕುತ್ತಾರೆ, ಇಲ್ಲವೇ ಬಣ್ಣಕ್ಕೆ. ನಾನೂ ಹಾಗೆಯೇ ಮಾಡಿದೆ. ಇಂಜಿನ್ ಚೆನ್ನಾಗಿ ಓಡತೊಡಗಿತು. ಬ್ರೇಕ್ ಆಯಿಲ್ ಮಾತ್ರ ಹದಿನೈದು ದಿನಕ್ಕೊಮ್ಮೆ ಇಳಿಯುತ್ತಿತ್ತು. ಇಳಿದಷ್ಟು ತುಂಬಿಸುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ಡಿಸೆಂಬರಿನ ಒಂದು ಸಂಜೆ ಮೇಲಿನ ತೋಟದಿಂದ ಅಡಿಕೆ ಗೊನೆ ಹೇರಿಕೊಂಡು, ಹಿಂದೆ ಇಬ್ಬರು ಆಳುಗಳನ್ನು ಕೂರಿಸಿಕೊಂಡು ಇಳಿಯುತ್ತಿದ್ದಾಗ ಪೆಡಲು ನೆಲ ಮುಟ್ಟಿತು. ಕೆಳಗೆ ಕೆರೆಯ ಏರಿ, ಎಡಕ್ಕೆ ಧರೆ. ಧರೆಗೆ ಗುದ್ದಿಸಿ ನಿಲ್ಲಿಸಿದೆ. ನನಗೆ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಒಬ್ಬಾತ ಸಿಡಿದು ಬಿದ್ದು ಭುಜದ ಮೂಳೆ ಮುರಿದುಕೊಂಡ. ಕೊನೆಕೊಯ್ಲಿನ ಕಾಲದಲ್ಲೇ ಮೂರು ತಿಂಗಳು ಆತ ದುಡಿಯಲಾರದೆ ಮನೆಯಲ್ಲಿ ಕೂರಬೇಕಾಯಿತು. ಆಸ್ಪತ್ರೆಯ ಖರ್ಚನ್ನೂ ಆ ಮೂರು ತಿಂಗಳ ಕೂಲಿಯನ್ನೂ ಕೊಟ್ಟೆ. ಅದು ಉಪಕಾರವಲ್ಲ, ನನ್ನ ಬಾಕಿ. ಆತನ ಕೈ ಮೊದಲಿನಷ್ಟು ಮೇಲಕ್ಕೆ ಇಂದಿಗೂ ಏಳುವುದಿಲ್ಲ.

ಪೇಟೆಯ ಗ್ಯಾರೇಜಿನ ವಯಸ್ಸಾದ ಮೇಸ್ತ್ರಿ ಬಂದು ಹಿಂದಿನ ಎಡ ಡ್ರಮ್ಮು ತೆಗೆದು ತೋರಿಸಿದರು. ಒಳಗೆಲ್ಲ ಎಣ್ಣೆ. "ಭಟ್ರೇ, ಡಬ್ಬಿಗಟ್ಟಲೆ ಹಾಕಿದ್ದೀರಿ, ಅದು ಎಲ್ಲಿಗೆ ಹೋಯ್ತು ಅಂತ ಒಂದಿನ ಆದ್ರೂ ಕೇಳ್ಬೇಕಿತ್ತಲ್ಲ" ಎಂದರು. ಉತ್ತರ ಇರಲಿಲ್ಲ.

ವಿಷಯ ಇಷ್ಟೇ. ಬ್ರೇಕ್ ಆಯಿಲ್ ಇಂಜಿನ್ ಆಯಿಲಿನಂತೆ ಉರಿದು ಹೋಗುವುದಿಲ್ಲ. ಲೈನಿಂಗು ಸವೆದಂತೆ ವರ್ಷದಲ್ಲಿ ಒಂದಿಷ್ಟು ಇಳಿಯಬಹುದು, ಅಷ್ಟೇ. ಅದಕ್ಕಿಂತ ಹೆಚ್ಚು ಇಳಿದರೆ ಸೋರುತ್ತಿದೆ ಎಂದರ್ಥ. ಹಳೇ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಕೊಳವೆಯ ವ್ಯವಸ್ಥೆ. ಒಂದು ಕಡೆ ಒಡೆದರೆ ನಾಲ್ಕೂ ಹೋದಂತೆ.

ಪರೀಕ್ಷೆ ಹೀಗೆ ಮಾಡಿ. ನಿಂತ ಗಾಡಿಯಲ್ಲಿ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ನಿಧಾನವಾಗಿ ಇಳಿಯುತ್ತ ಹೋದರೆ ಎಲ್ಲೋ ಸೋರಿಕೆ ಇದೆ. ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ಪು ಸವೆದಿದೆ. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಎರಡು ಮೂರು ಸಲ ಒತ್ತಿದ ಮೇಲೆ ಮೇಲೆ ಬಂದರೆ ಶೂಗಳು ಸವೆದು ದೂರವಾಗಿವೆ. ಇವು ಮೂರೂ ಬೇರೆ ಬೇರೆ. ಒಂದಕ್ಕೆ ಇನ್ನೊಂದರ ಮದ್ದು ಮಾಡಿದರೆ ಪ್ರಯೋಜನವಿಲ್ಲ.

ಆಮೇಲೆ ನಾಲ್ಕೂ ಡ್ರಮ್ಮು ತೆಗೆಯಿರಿ. ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೊಪ್ಪಿಗೆಯನ್ನು ಮೆಲ್ಲಗೆ ಎತ್ತಿದಾಗ ಒಳಗೆ ಎಣ್ಣೆ ಕಂಡರೆ ಕಪ್ಪು ಹೋಗಿದೆ. ಸಿಲಿಂಡರಿನ ಒಳಮೈ ನುಣುಪಾಗಿದ್ದರೆ ರಬ್ಬರ್ ಕಿಟ್ ಸಾಕು. ಬೆರಳಿಗೆ ಗುಳಿ ಸಿಕ್ಕರೆ ಸಿಲಿಂಡರನ್ನೇ ಬದಲಾಯಿಸಿ. ಅದರ ಬೆಲೆ ನೋಡಿ ಹಿಂಜರಿಯಬೇಡಿ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ಇದೆ. ಬಿಸಿಯಾದಾಗ ಎಣ್ಣೆ ಮತ್ತೆ ಹೊರಬರುತ್ತದೆ, ಆದ್ದರಿಂದ ಅದು ಉಳಿತಾಯವಲ್ಲ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಯಿಂದಾಗಲಿ ಪಂಪಿನಿಂದಾಗಲಿ ಊದಬಾರದು; ಹಳೇ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ವಿಷವಾದ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕಟ್ಟಿ ಎಸೆಯಿರಿ.

ಹೊಸ ಆಯಿಲ್ ಹಾಕುವಾಗ ಡಾಟ್ 3 ಎಂದು ಬರೆದ ಮುಚ್ಚಿದ ಡಬ್ಬಿಯನ್ನೇ ತನ್ನಿ. ಇಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್ ಒಂದು ತೊಟ್ಟು ಬಿದ್ದರೂ ರಬ್ಬರು ಉಬ್ಬಿ ಕೆಡುತ್ತದೆ. ಈ ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣ ಉಂಟು. ಹೊಸದು ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು; ತೇವ ಹೀರಿದ ಮೇಲಿನ ಕನಿಷ್ಠ ಮಟ್ಟ 140 ಡಿಗ್ರಿ ಮಾತ್ರ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹೇರು ಹಾಕಿಕೊಂಡು ಬ್ರೇಕಿನ ಮೇಲೆಯೇ ಇಳಿದರೆ ಆ ಬಿಸಿ ಬರುವುದು ಕಷ್ಟವಲ್ಲ. ಆಯಿಲ್ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ. ನಮ್ಮ ಮಳೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವುದು ಕ್ಷೇಮ. ಅರ್ಧ ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆಂದು ಅಟ್ಟದಲ್ಲಿಡಬೇಡಿ.

ಗಾಳಿ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಮೇಲೆ ಕೂತವರು ಪೆಡಲು ಒತ್ತಿ ಹಿಡಿದು "ಒತ್ತಿದೆ" ಎಂದ ಮೇಲೆ ನೀವು ನಿಪ್ಪಲು ಸಡಿಲಿಸಿ. ಗುಳ್ಳೆ ಬಂದ ಮೇಲೆ ಬಿಗಿ ಮಾಡಿ "ಬಿಡಿ" ಎನ್ನಿ. ಬಿಗಿ ಮಾಡುವ ಮುಂಚೆ ಪೆಡಲು ಬಿಟ್ಟರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಲ್ಲುವವರೆಗೆ ಹೀಗೆಯೇ. ನಡುವೆ ಮಾಸ್ಟರ್ ಸಿಲಿಂಡರ್ ಖಾಲಿಯಾಗದಂತೆ ತುಂಬಿಸುತ್ತಿರಬೇಕು. ನಮ್ಮ ಮನೆಯಲ್ಲಿ ಪೆಡಲಿನ ಕೆಲಸ ಮನೆಯಾಕೆಯದು. ನನಗಿಂತ ತಾಳ್ಮೆ ಹೆಚ್ಚು.

ಕೊನೆಗೆ ಶೂಗಳನ್ನು ಚಕ್ರಕ್ಕೆ ತಾಗುವವರೆಗೆ ಬಿಗಿ ಮಾಡಿ, ಚಕ್ರ ಸರಾಗ ತಿರುಗುವಷ್ಟೇ ಸಡಿಲಿಸಿ. ಪೆಡಲಿಗೆ ಅರ್ಧ ಅಂಗುಲದಷ್ಟು ಖಾಲಿ ಆಟ ಇರಲೇಬೇಕು. ಅದಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರ ಮುಚ್ಚಿಯೇ ಇದ್ದು, ಆಯಿಲ್ ಹಿಂದಿರುಗಲಾರದೆ ಬ್ರೇಕು ತಾನೇ ಹಿಡಿದುಕೊಳ್ಳುತ್ತದೆ.

ಸ್ಟೇರಿಂಗಿನ ಅಲುಗಾಟ

ಒಂದು ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ನಡುಗತೊಡಗಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವುದು ಹಳೇ ಜೀಪಿನ ಪ್ರಸಿದ್ಧ ಕಾಯಿಲೆ. ಸ್ಟೇರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿ ಮಾಡಿಬಿಟ್ಟರೆ ಸರಿಹೋಯಿತೆಂದು ಹಲವರ ನಂಬಿಕೆ. ಸವೆತ ಬೇರೆಲ್ಲೋ ಇದ್ದು ಇಲ್ಲಿ ಬಿಗಿ ಮಾಡಿದರೆ ತಿರುವಿನಲ್ಲಿ ಸ್ಟೇರಿಂಗ್ ಹಿಡಿದುಕೊಳ್ಳುವ ಸಂಭವವಿದೆ. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಆಚೀಚೆ ಅಲ್ಲಾಡಿಸಲಿ. ನೀವು ಕೆಳಗೆ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡಿ. ಎಲ್ಲಿ ಒಂದು ಬದಿ ಅಲುಗಿ ಇನ್ನೊಂದು ಬದಿ ಅಲುಗುವುದಿಲ್ಲವೋ ಅಲ್ಲಿ ಸವೆದಿದೆ. ಬಾಲ್ ಜಾಯಿಂಟುಗಳನ್ನು ಬದಲಾಯಿಸುವುದು ಸುಲಭ. ಬಿಚ್ಚುವ ಮುಂಚೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ.

ಅನಂತರ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲುಗಿದರೆ ಅದು ಚಕ್ರದ ಬೇರಿಂಗೋ ಕಿಂಗ್‌ಪಿನ್ನೋ? ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಮತ್ತೆ ಅಲ್ಲಾಡಿಸಿ ನೋಡಿ. ಅಲುಗಾಟ ನಿಂತರೆ ಬೇರಿಂಗು. ಹಾಗೇ ಇದ್ದರೆ ಕಿಂಗ್‌ಪಿನ್ನು. ಈ ಒಂದು ಉಪಾಯ ನನಗೆ ಎಷ್ಟೋ ಅನಗತ್ಯ ಖರ್ಚು ತಪ್ಪಿಸಿದೆ. ಬೇರಿಂಗಾದರೆ ತೊಳೆದು, ಹೊಸ ಗ್ರೀಸು ತುಂಬಿ, ಚಕ್ರ ತಿರುಗಿಸುತ್ತ ನಟ್ಟನ್ನು ಹಿಡಿಯುವವರೆಗೆ ಬಿಗಿ ಮಾಡಿ, ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ಬಿಟ್ಟು ಲಾಕ್ ವಾಷರನ್ನು ಮಡಚಬೇಕು. ಕಿಂಗ್‌ಪಿನ್ನಾದರೆ ಮೇಲಿನ ಮುಚ್ಚಳದ ಕೆಳಗಿನ ತೆಳು ತಗಡುಗಳನ್ನು ಒಂದೊಂದಾಗಿ ಕಡಿಮೆ ಮಾಡಿ ಬಿಗಿ ತರಬಹುದು. ಬೇರಿಂಗೇ ಒಡೆದಿದ್ದರೆ ಗ್ಯಾರೇಜಿಗೆ ಬಿಡಿ.

ಗೇರು, ಶಾಫ್ಟು, ಎಣ್ಣೆ

ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಎರಡು ಡಿಫರೆನ್ಷಿಯಲ್ಲು, ಹೀಗೆ ನಾಲ್ಕು ಕಡೆ ಎಣ್ಣೆ ನೋಡಬೇಕು. ಕೆಳಗಿನ ಬಿರಡೆ ತೆಗೆಯುವ ಮುಂಚೆ ಮೇಲಿನ, ಎಣ್ಣೆ ಹಾಕುವ ಬಿರಡೆ ಬಿಚ್ಚುತ್ತದೆಯೇ ನೋಡಿಕೊಳ್ಳಿ. ಎಣ್ಣೆಯನ್ನೆಲ್ಲ ಬಸಿದ ಮೇಲೆ ಮೇಲಿನದು ಬರದಿದ್ದರೆ ಗಾಡಿ ಅಲ್ಲೇ ನಿಂತಿತು. ಹಾಲು ಬೆರೆತಂತೆ ಬೆಳ್ಳಗಿದ್ದರೆ ಹಳ್ಳ ದಾಟುವಾಗ ನೀರು ಹೋಗಿದೆ. ಹಳೇ ಜೀಪಿನಲ್ಲಿ ಗೇರ್‌ಬಾಕ್ಸಿನ ಎಣ್ಣೆ ಸೀಲು ದಾಟಿ ಟ್ರಾನ್ಸ್‌ಫರ್ ಕೇಸಿಗೆ ಹೋಗುವುದುಂಟು. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಕಂಡರೆ ಆಶ್ಚರ್ಯಪಡಬೇಡಿ, ಎರಡನ್ನೂ ಸಮಮಾಡಿ.

ಪ್ರೊಪೆಲ್ಲರ್ ಶಾಫ್ಟನ್ನು ಎರಡು ತುಂಡಾಗಿ ಬಿಚ್ಚಿದರೆ, ಮತ್ತೆ ಸೇರಿಸುವಾಗ ಅದರ ಮೇಲಿನ ಬಾಣದ ಗುರುತುಗಳು ಎದುರುಬದುರು ಬರಲೇಬೇಕು. ಫೋರ್‌ವೀಲನ್ನು ಟಾರು ರಸ್ತೆಯಲ್ಲಿ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದೇ ದೂರ ಹೋಗುವುದಿಲ್ಲ. ಕೆಸರಿನಲ್ಲಿ ಜಾರಿ ಸರಿಯಾಗುತ್ತದೆ, ಟಾರಿನಲ್ಲಿ ಜಾರಲಾರದೆ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮುಂದೆ ಹೊಸ ಟೈರು, ಹಿಂದೆ ಬೋಳು ಟೈರು ಹಾಕಿದರೂ ಇದೇ ಪಾಡು.

ಕೊನೆಗೆ ಇಂಜಿನ್

ಇಂಜಿನ್ ಬಿಚ್ಚುವ ಮುಂಚೆ ಹೊಗೆ ನೋಡಿ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು. ಬೇಸಿಗೆಯ ಧೂಳಿನಲ್ಲಿ ಓಡಿದ ಜೀಪಿನ ಎಣ್ಣೆ ಬಟ್ಟಲಿನ ಏರ್ ಫಿಲ್ಟರನ್ನು ತೊಳೆದರೇ ಹಲವು ಸಲ ನಿಲ್ಲುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆರೆದರೆ ಬುಸುಬುಸು ಹೊಗೆ ಬಂದರೆ ರಿಂಗು ಸವೆದಿವೆ. ಬೋರು ಕೊರೆಸುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸುವುದು, ಡೀಸೆಲ್ ಪಂಪಿನ ರಿಪೇರಿ ಇವು ಮನೆಯ ಕೆಲಸವಲ್ಲ. ಮನೆಯಲ್ಲಿ ಡೀಸೆಲ್ ಪಂಪು ಬಿಚ್ಚಿದವರು ದುಪ್ಪಟ್ಟು ಕೊಟ್ಟು ಸರಿಮಾಡಿಸಿದ್ದನ್ನು ನೋಡಿದ್ದೇನೆ.

ಪೆಟ್ರೋಲ್ ಜೀಪಿನವರು ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು 0.5 ಮಿ.ಮೀ., ಪ್ಲಗ್ಗನ್ನು 0.75 ಮಿ.ಮೀ. ಅಂತರಕ್ಕೆ ಇಟ್ಟರೆ ಮಳೆಗಾಲದ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಡೀಸೆಲಿನವರಿಗೆ ತೊಂದರೆ ಗಾಳಿಯದು, ನೀರಿನದು. ಫಿಲ್ಟರಿನ ಕೆಳಗಿನ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಸಿಯಿರಿ. ಗಾಳಿ ಹಿಡಿದರೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತ ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಇಂಜೆಕ್ಟರಿನ ಸಿಂಪಡಣೆಗೆ ಬೆರಳು ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ; ಗಾಯ ಸಾಸಿವೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

ರೇಡಿಯೇಟರಿನ ಜಾಲರಿಯಲ್ಲಿ ಕೆಸರು, ಅಡಿಕೆ ಸಿಪ್ಪೆಯ ನಾರು, ಕಾಫಿ ಸಿಪ್ಪೆ ಎಲ್ಲ ಸಿಕ್ಕಿಕೊಂಡಿರುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಿರಿ. ಕಾಯುತ್ತದೆ ಎಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು ನಮ್ಮ ಕಡೆಯ ಒಂದು ಚಾಳಿ. ಇಂಜಿನ್ ಹದವಾಗಿ ಬಿಸಿಯಾಗದೆ ಬೇಗ ಸವೆಯುತ್ತದೆ.

ಬಸಿದ ಹಳೇ ಎಣ್ಣೆಯನ್ನು ಬಾವಿಯ ಹತ್ತಿರ, ಹಳ್ಳಕ್ಕೆ, ಮರದ ಬುಡಕ್ಕೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿಟ್ಟರೆ ಕೊಳ್ಳುವವರು ಪೇಟೆಯಲ್ಲಿ ಇದ್ದಾರೆ. ಬಿಡಿಭಾಗ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು, ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಬಾಯಲ್ಲಿ ಹೇಳಿ ತಂದದ್ದು ಕೂರುವುದಿಲ್ಲ.

ಈಗ ನಮ್ಮ ಜೀಪಿನಲ್ಲಿ ಬೆಳಿಗ್ಗೆ ಕೀಲಿ ತಿರುಗಿಸುವ ಮುಂಚೆ ಪೆಡಲು ಒತ್ತಿ ನೋಡುವುದು, ಶನಿವಾರ ಬ್ರೇಕ್ ಆಯಿಲಿನ ಮಟ್ಟವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ರೂಢಿಯಾಗಿದೆ. ಹಿಂದೆ ಆಳುಗಳನ್ನು ಕೂರಿಸಿಕೊಂಡು ಇಳಿಜಾರು ಇಳಿಯುವುದನ್ನು ಬಿಟ್ಟಿದ್ದೇವೆ. ಗೊನೆ ಗಾಡಿಯಲ್ಲಿ ಬರುತ್ತದೆ, ಜನ ನಡೆದು ಬರುತ್ತಾರೆ. ಭುಜ ಮುರಿದುಕೊಂಡಾತ ಈಗಲೂ ನಮ್ಮಲ್ಲೇ ಕಣದ ಕೆಲಸ ನೋಡಿಕೊಳ್ಳುತ್ತಾನೆ. ಶನಿವಾರದ ಗುರುತು ಮರೆತರೆ ನೆನಪು ಮಾಡುವವನು ಆತನೇ.